ಹಳೆಯ ಭೂದಾಖಲೆಗಳಲ್ಲಿ ವಂಶಶೋಧನೆ : ಒಂದು ಪರಿಶೀಲನೆ

ಇತ್ತೀಚಿನ ಕೆಲವು ವರ್ಷಗಳಿಂದ ಮೈಸೂರು ನಗರದಲ್ಲಿಯೂ ಸುತ್ತಲಿನ ತಾಲ್ಲೂಕುಗಳಲ್ಲಿಯೂ ತಮ್ಮ ಮನೆತನದ ಮೂಲವನ್ನು ಅರಸುವ ಆಸಕ್ತಿಯೊಂದು ಬೆಳೆದು ಬಂದಿದೆ. ಮದುವೆಯ ಸಂದರ್ಭದಲ್ಲಿಯೋ ಹಿರಿಯರ ಸ್ಮರಣೆಯ ದಿನದಂದೋ ವಂಶವೃಕ್ಷವನ್ನು ಮುದ್ರಿಸಿ ಬಂಧುಗಳಿಗೆ ಹಂಚುವವರಿದ್ದಾರೆ. ಓಲೆಗರಿಯನ್ನೂ ಶಾನುಭೋಗರ ಮೋಡಿ ಬರೆಹವನ್ನೂ ಒಂದಿಷ್ಟು ಓದಬಲ್ಲೆನೆಂಬ ಕಾರಣದಿಂದ, ನಿವೃತ್ತ ಉಪಾಧ್ಯಾಯನಾದ ನನ್ನ ಬಳಿಗೂ ಅಂಥ ಕೆಲವರು ಕಾಗದದ ಕಟ್ಟುಗಳನ್ನು ಹಿಡಿದು ಬರುವುದುಂಟು. ಪಹಣಿಯ ನಕಲು, ವಿಭಾಗಪತ್ರ, ಭೋಗ್ಯಪತ್ರ, ಎಲ್ಲಿಯೋ ಸಿಕ್ಕಿದ ಇನಾಂ ದಾಖಲೆಯ ಒಂದು ಪುಟ. ಇವುಗಳನ್ನು ಮುಂದಿಟ್ಟು, ‘ಮೇಷ್ಟ್ರೇ, ನಮ್ಮ ಮೂಲಪುರುಷ ಯಾರು, ನೋಡಿ ಹೇಳಿ’ ಎಂದು ಕೇಳುತ್ತಾರೆ. ಕೇಳುವವರ ಶ್ರದ್ಧೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರು ಮರಳಿ ಹೋಗಿ ಅಚ್ಚುಹಾಕಿಸುವ ಪುಸ್ತಿಕೆಗಳನ್ನು ನೋಡಿದಾಗ, ವಚನಗಳ ಪಾಠಪರಿಷ್ಕರಣದಲ್ಲಿ ನಮ್ಮ ವಿದ್ವಾಂಸರು ಕಷ್ಟಪಟ್ಟು ರೂಢಿಸಿದ ಎಚ್ಚರವು ಈ ಕ್ಷೇತ್ರಕ್ಕೆ ಇನ್ನೂ ಬಂದಿಲ್ಲವೆಂದು ಅನಿಸುತ್ತದೆ. ಆ ಎಚ್ಚರದ ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಮೂಲಭೂತವಾದ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಭೂದಾಖಲೆಯು ವಂಶವನ್ನು ಹೇಳುವುದಕ್ಕಾಗಿ ಹುಟ್ಟಿದ್ದಲ್ಲ. ಈ ನೆಲದ ಕಂದಾಯವನ್ನು ಯಾರಿಂದ ವಸೂಲು ಮಾಡಬೇಕು, ಅಥವಾ ಯಾರಿಂದ ಮಾಡಬಾರದು ಎಂಬುದನ್ನು ನಿಶ್ಚಯಿಸುವುದಕ್ಕಾಗಿ ಹುಟ್ಟಿದ್ದು. ತಂದೆಯ ಹೆಸರು ಅದರಲ್ಲಿ ಬರುವುದು ಒಬ್ಬ ಸಿದ್ದಪ್ಪನನ್ನು ಇನ್ನೊಬ್ಬ ಸಿದ್ದಪ್ಪನಿಂದ ಬೇರ್ಪಡಿಸುವ ಸಲುವಾಗಿ. ಆದುದರಿಂದ ಅದು ಕೊಡುವ ವಂಶಸಾಕ್ಷ್ಯವು ಪ್ರಾಸಂಗಿಕವಾದುದು. ಹಾಗೆಂದು ಅದು ಹಗುರವಾದ ಸಾಕ್ಷ್ಯವಲ್ಲ. ವಂಶದ ಹೆಮ್ಮೆಗಾಗಿ ಬರೆಯದೆ ಇದ್ದುದರಿಂದಲೇ ಅದಕ್ಕೆ ಸುಳ್ಳು ಹೇಳುವ ಕಾರಣ ಕಡಿಮೆ. ದಾಖಲೆಯು ಹೇಳಹೊರಟದ್ದೇನು, ನಾವು ಅದರಿಂದ ಹೇಳಿಸಹೊರಟದ್ದೇನು ಎಂಬ ಭೇದವನ್ನು ಮರೆತಾಗ ಮಾತ್ರ ಅನರ್ಥವಾಗುತ್ತದೆ.

ನಮ್ಮ ಪ್ರಾಂತದಲ್ಲಿ ಈ ದಾಖಲೆಗಳು ಪದರ ಪದರವಾಗಿ ಕೂಡಿಕೊಂಡಿವೆ. ಎಲ್ಲಕ್ಕಿಂತ ಕೆಳಗಿನ ಪದರ ಶಿಲೆ ಮತ್ತು ತಾಮ್ರಪಟಗಳದು. ಬಿ. ಎಲ್. ರೈಸ್ ಅವರು ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳೂ, ೧೯೭೨ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಹೊರತಂದ ಪರಿಷ್ಕೃತ ಸಂಪುಟಗಳೂ ಇವುಗಳನ್ನು ಸಾಮಾನ್ಯ ಓದುಗನ ಕೈಗೆಟುಕುವಂತೆ ಮಾಡಿವೆ. ಯುದ್ಧದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ನೆತ್ತರುಗೊಡಗಿ, ಕೆರೆ ಕಟ್ಟಿಸಿದವನಿಗೆ ಕೊಟ್ಟ ಕಟ್ಟುಗೊಡಗಿ ಮೊದಲಾದವುಗಳಲ್ಲಿ ಸಾಮಾನ್ಯ ಕುಟುಂಬಗಳ ಹೆಸರುಗಳೂ ದೊರೆಯುತ್ತವೆ. ಆದರೆ ಮಕ್ಕಳು ಮೊಮ್ಮಕ್ಕಳ ಪರಂಪರೆಯಾಗಿ, ಸೂರ್ಯಚಂದ್ರರಿರುವವರೆಗೆ ಅನುಭವಿಸಬೇಕೆಂಬ ದತ್ತಿವಾಕ್ಯವನ್ನು ನೋಡಿ ಮನೆತನವು ಅಲ್ಲಿಂದ ಅವಿಚ್ಛಿನ್ನವಾಗಿ ನಡೆದುಬಂದಿತೆಂದು ತಿಳಿಯಬಾರದು. ಅದು ಎಲ್ಲ ದತ್ತಿಗಳಲ್ಲಿಯೂ ಬರುವ ಸಿದ್ಧವಾಕ್ಯ. ಒಂದೇ ತಲೆಮಾರಿನಲ್ಲಿ ಕೈಬಿಟ್ಟು ಹೋದ ನೆಲಕ್ಕೂ ಆ ವಾಕ್ಯವಿದೆ.

ಅದರ ಮೇಲಿನ ಪದರ ಕಡತಗಳದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಈ ಕಪ್ಪು ಪುಸ್ತಕಗಳನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಕಂಡಿರಲಾರರು. ಅಳಿಸಿ ಮತ್ತೆ ಬರೆಯಲು ಬರುವಂಥದು. ಇದು ಅದರ ಅನುಕೂಲವೂ ಹೌದು, ಅಪಾಯವೂ ಹೌದು. ನಮ್ಮ ಮಠಗಳ ಉಗ್ರಾಣಗಳಲ್ಲಿ, ಹಳೆಯ ಶಾನುಭೋಗರ ಅಟ್ಟಗಳಲ್ಲಿ ಇಂಥವು ಎಷ್ಟೋ ಹುಳು ಹಿಡಿದು ಹೋಗಿವೆ. ಶೃಂಗೇರಿ ಮಠದ ಸಂಗ್ರಹದಲ್ಲಿದ್ದ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳನ್ನು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರೆಂಬುದನ್ನು ನೆನೆದರೆ, ಮಠಗಳ ಹಳೆಯ ಕಾಗದದ ರಾಶಿಯಲ್ಲಿ ಏನೇನು ಅಡಗಿರಬಹುದೆಂದು ಊಹಿಸಬಹುದು. ಮಲೆನಾಡಿನಲ್ಲಿ ಕೆಳದಿಯ ಶಿವಪ್ಪನಾಯಕನು ೧೭ನೆಯ ಶತಮಾನದಲ್ಲಿ ನಿಶ್ಚಯಿಸಿದ ‘ಶಿಸ್ತು’ ಬಹುಕಾಲದವರೆಗೆ ಕಂದಾಯದ ಆಧಾರವಾಗಿ ಉಳಿದಿದ್ದಿತು.

ಇನ್ನು ಮೂರನೆಯದು ಕಮಿಷನರ ಆಡಳಿತದ ಕಾಲದ್ದು. ೧೮೬೩ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಂದಾಯದ ಮೋಜಣಿ ಆರಂಭವಾಯಿತು. ಇನಾಂ ಭೂಮಿಗಳ ವಿಚಾರಣೆಯೂ ಅದೇ ದಶಕದಲ್ಲಿ ಮೊದಲಾಯಿತು. ಅಲ್ಲಿಯವರೆಗೆ ಇಷ್ಟು ಖಂಡುಗ ಇಷ್ಟು ಕೊಳಗ ಬಿತ್ತುವಳಿಯ ಹೊಲವೆಂದು ಬೀಜದಿಂದ ಅಳೆಯುತ್ತಿದ್ದ ನೆಲವು ಮೂವತ್ತಮೂರು ಅಡಿಯ ಸರಪಣಿಯಿಂದ ಎಕರೆ ಗುಂಟೆಗಳಿಗೆ ಬಂದಿತು. ಹೊಲದ ಹೆಸರು ಹೋಗಿ ಸರ್ವೆ ನಂಬರು ಬಂದಿತು. ವಂಶವನ್ನು ಹುಡುಕುವವರಲ್ಲಿ ಹೆಚ್ಚಿನವರ ದಾರಿ ನಿಲ್ಲುವುದು ಈ ಹೊಸಿಲಿನಲ್ಲಿ. ಇತ್ತ ಕಡೆ ನಂಬರಿನ ಜಾಡು ಹಿಡಿದು, ಹಿಸ್ಸಾ ಪೋಡಿಗಳನ್ನು ಒಂದೊಂದಾಗಿ ಬಿಚ್ಚುತ್ತ ಹಿಂದಕ್ಕೆ ಹೋಗಬಹುದು. ಅತ್ತ ಕಡೆಗೆ ದಾಟಬೇಕಾದರೆ ಹೊಲದ ಹಳೆಯ ಹೆಸರು ಗೊತ್ತಿರಬೇಕು. ಅದು ಯಾವ ಕಚೇರಿಯಲ್ಲಿಯೂ ಇಲ್ಲ. ಊರಿನ ಮುದುಕರ ಬಾಯಲ್ಲಿದೆ. ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಈಗ ತಾಲ್ಲೂಕು ಕಚೇರಿಗಳ ಹಳೆಯ ಕಾಗದಗಳ ಚಿತ್ರಗಳನ್ನೂ ಸೆರೆಹಿಡಿಯುವ ಕಾರ್ಯ ನಡೆದಿದೆ. ಇದು ಸ್ವಾಗತಾರ್ಹವೇ. ಆದರೆ ಆ ಮುದುಕರನ್ನು ಯಾರೂ ಸೆರೆಹಿಡಿಯುತ್ತಿಲ್ಲ.

ಈಗ ಓದುವ ಕ್ರಮಕ್ಕೆ ಬರೋಣ. ಹಳೆಯ ಮೈಸೂರಿನ ದಾಖಲೆಗಳಲ್ಲಿ ಎರಡು ಪುಟ್ಟ ಶಬ್ದಗಳಿವೆ. ಒಂದು ‘ಬಿನ್’, ಎಂದರೆ ಇಂಥವನ ಮಗ. ಅರಬ್ಬೀ ಮೂಲದ್ದು, ಮುಸಲ್ಮಾನ ಪ್ರಭುತ್ವದ ಆಡಳಿತದ ಭಾಷೆಯಿಂದ ಬಂದು ನಮ್ಮ ಮಾದಪ್ಪ ಸಿದ್ದಪ್ಪಗಳ ನಡುವೆ ಸಹಜವಾಗಿ ಕುಳಿತುಬಿಟ್ಟಿದೆ. ಇನ್ನೊಂದು ‘ಕೋಂ’, ಎಂದರೆ ಇಂಥವನ ಹೆಂಡತಿ. ಈ ಎರಡು ಶಬ್ದಗಳ ಮೇಲೆ ಇಡೀ ವಂಶವೃಕ್ಷ ನಿಂತಿದೆಯೆಂದರೆ ತಪ್ಪಾಗಲಾರದು. ಆದರೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ಕಡೆಯ ಪದ್ಧತಿ. ಆದುದರಿಂದ ಸಿದ್ದಪ್ಪ ಬಿನ್ ಮಾದಪ್ಪ, ಮಾದಪ್ಪ ಬಿನ್ ಸಿದ್ದಪ್ಪ, ಮತ್ತೆ ಸಿದ್ದಪ್ಪ ಬಿನ್ ಮಾದಪ್ಪ ಎಂದು ಎರಡೇ ಹೆಸರುಗಳು ಶತಮಾನಗಟ್ಟಲೆ ಏತದಂತೆ ಏರಿ ಇಳಿಯುತ್ತಿರುತ್ತವೆ. ಇದರೊಡನೆ ಇನ್ನೊಂದು ತೊಡಕು ಸೇರುತ್ತದೆ. ಹಳೆಯ ಖಾಸಗಿ ಪತ್ರಗಳಲ್ಲಿ ಶಕವರ್ಷವನ್ನು ಬಿಟ್ಟು ಸಂವತ್ಸರದ ಹೆಸರನ್ನು ಮಾತ್ರ ಬರೆಯುವುದು ಬಹಳ. ಸಂವತ್ಸರಚಕ್ರ ಅರವತ್ತು ವರ್ಷಗಳದು. ಅಜ್ಜನಿಗೂ ಮೊಮ್ಮಗನಿಗೂ ನಡುವಿನ ಅಂತರವೂ ಬಹುಮಟ್ಟಿಗೆ ಅಷ್ಟೇ. ಹೆಸರು ಅದೇ, ತಂದೆಯ ಹೆಸರು ಅದೇ, ಸಂವತ್ಸರವೂ ಅದೇ. ಮನುಷ್ಯ ಮಾತ್ರ ಬೇರೆ. ವಚನವಾಙ್ಮಯದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಸಂಕಟವಲ್ಲ. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಎಂಬವರು ಒಬ್ಬರೇ ಇಬ್ಬರೇ ಎಂಬ ಚರ್ಚೆಯನ್ನು ಅವರು ಬಲ್ಲರು.

ಇದಕ್ಕೆ ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ನಮ್ಮ ಪೂರ್ವಿಕರು ನಂಜನಗೂಡು ತಾಲ್ಲೂಕಿನ ಒಂದು ಗ್ರಾಮದವರು. ಅರಸರು ಸರ್ವಮಾನ್ಯವಾಗಿ ಹೊಲ ಬಿಟ್ಟುಕೊಟ್ಟು ನಮ್ಮ ಹಿರಿಯರನ್ನು ಅಲ್ಲಿ ನೆಲೆಗೊಳಿಸಿದರೆಂಬುದು ಮನೆಯಲ್ಲಿ ನಡೆದುಬಂದ ಮಾತು. ನನ್ನ ದೊಡ್ಡಪ್ಪನವರು ವಂಶವೃಕ್ಷವೊಂದನ್ನು ಬರೆದು ಕಟ್ಟುಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಅವರಿಗೆ ಮುಖ್ಯವಾದ ಆಧಾರ ಧಾತು ಸಂವತ್ಸರದ ಒಂದು ಪತ್ರ. ಅದನ್ನು ಅವರು ೧೮೧೬ರದೆಂದು ಗಣಿಸಿ, ಅದರಲ್ಲಿ ಬರುವ ಹೆಸರಿಗೂ ತಮಗೆ ಗೊತ್ತಿದ್ದ ಅಜ್ಜನ ಹೆಸರಿಗೂ ನಡುವೆ ಎರಡು ತಲೆಮಾರುಗಳನ್ನು ತುಂಬಿದ್ದರು. ನಾನು ಬಹುಕಾಲ ಅದನ್ನು ಪ್ರಶ್ನಿಸಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಆಧಾರವನ್ನು ಪರೀಕ್ಷಿಸಿರೆಂದು ಹೇಳುತ್ತಿದ್ದವನು ಮನೆಯ ಗೋಡೆಯ ಮೇಲಿನದನ್ನು ಕೈಮುಗಿದು ಒಪ್ಪಿಕೊಂಡಿದ್ದೆ. ನಿವೃತ್ತನಾದ ಮೇಲೆ, ದಾಯಾದಿಗಳ ಮನೆಯ ಪೆಟ್ಟಿಗೆಯಲ್ಲಿ ಮೂಲಪತ್ರವಿದೆಯೆಂದು ತಿಳಿದು ಹೋಗಿ ನೋಡಿದೆ. ದೊಡ್ಡಪ್ಪನವರು ಇಟ್ಟುಕೊಂಡಿದ್ದುದು ಕೈಬರೆಹದ ಪ್ರತಿ. ಅದರಲ್ಲಿ ‘ರೂಪಾಯಿ’ ಎಂದಷ್ಟೇ ಇದ್ದಿತು. ಮೂಲದಲ್ಲಿ ಅದರ ಹಿಂದೆ ‘ರಾಣಿ ಛಾಪಿನ’ ಎಂಬ ಮಾತಿದ್ದಿತು. ಪ್ರತಿಕಾರನಿಗೆ ಅದು ಅನವಶ್ಯಕವೆನಿಸಿ ಬಿಟ್ಟಿದ್ದಾನೆ. ವಿಕ್ಟೋರಿಯಾ ರಾಣಿಯ ಮುಖವು ರೂಪಾಯಿಯ ಮೇಲೆ ಬಂದುದು ೧೮೪೦ರಿಂದ ಈಚೆಗೆ. ಆದುದರಿಂದ ಆ ಧಾತು ಸಂವತ್ಸರವು ೧೮೭೬ಕ್ಕೆ ಸಲ್ಲುತ್ತದೆಯೇ ಹೊರತು ೧೮೧೬ಕ್ಕಲ್ಲ. ಓಲೆಯ ಪ್ರತಿಯಲ್ಲಿ ಬಿಟ್ಟುಹೋದ ಒಂದು ಶಬ್ದದಿಂದ ವಚನದ ಅರ್ಥ ಬೇರೆಯಾಗುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಬಂಧುಗಳಿಗೆ ಮಾತ್ರ ಇದು ಹಿಡಿಸಲಿಲ್ಲ. ಮೇಷ್ಟ್ರು ಒಂದೇ ಏಟಿಗೆ ಮನೆಯ ಎರಡು ತಲೆಗಳನ್ನು ಕಡಿದರೆಂದು ಈಗಲೂ ಹೇಳುತ್ತಾರೆ.

ವರ್ಷವು ಬದಲಾದೊಡನೆ ಪತ್ರದ ಅರ್ಥವೂ ಬದಲಾಯಿತು. ಧಾತು, ಈಶ್ವರ ಸಂವತ್ಸರಗಳೆಂದರೆ ನಮ್ಮ ನಾಡಿನ ಮಹಾಕ್ಷಾಮದ ವರ್ಷಗಳು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿದ್ದಿತು. ದೊಡ್ಡಪ್ಪನವರು ಮನೆತನದ ಸಿರಿವಂತಿಕೆಗೆ ಸಾಕ್ಷಿಯೆಂದು ತಿಳಿದಿದ್ದ ಪತ್ರವು ಬರಗಾಲದಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕಿದ ಪತ್ರವಾಗಿದ್ದಿತು! ಮೈಸೂರು ಪ್ರಾಂತದಲ್ಲಿ ವಂಶವನ್ನು ಹುಡುಕುವ ಯಾರೇ ಆಗಲಿ ಈ ಎರಡು ವರ್ಷಗಳ ಕಂದರವನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಅಲ್ಲಿ ಖಾತೆಯ ಹೆಸರು ಥಟ್ಟನೆ ಬದಲಾಗಿದ್ದರೆ ಅದಕ್ಕೆ ಕ್ರಯವೇ ಕಾರಣವೆಂದು ತಿಳಿಯಬೇಕಾಗಿಲ್ಲ. ಮನೆಯೇ ಉಳಿಯದೆ ಹೋಗಿರಬಹುದು; ಅಥವಾ ಕಂದಾಯ ಕಟ್ಟಲಾರದೆ ರೈತನು ಹೊಲಕ್ಕೆ ‘ರಾಜೀನಾಮೆ’ ಕೊಟ್ಟು ಊರು ಬಿಟ್ಟಿರಬಹುದು.

ನಮ್ಮ ಸಮಾಜದ ಮಟ್ಟಿಗೆ ವಿಶೇಷವಾದ ಇನ್ನೊಂದು ತೊಡಕಿದೆ. ಈ ಪತ್ರಿಕೆಯ ವಾಚಕರು ಅದನ್ನು ಅವಶ್ಯವಾಗಿ ಗಮನಿಸಬೇಕು. ಮಠಗಳ ಉಂಬಳಿ, ಮಾನ್ಯಗಳ ದಾಖಲೆಗಳಲ್ಲಿ ಒಬ್ಬರನ್ನು ಇನ್ನೊಬ್ಬರ ‘ಕರಸಂಜಾತ’ರೆಂದು ಹೇಳುವುದುಂಟು. ಇದು ಗುರುವಿನ ಹಸ್ತದಿಂದ ಆದ ಜನ್ಮ. ತಾಯಿಯ ಗರ್ಭದಿಂದ ಆದುದಲ್ಲ. ಗೋಸಲ ಚೆನ್ನಬಸವೇಶ್ವರರ ಕರಸಂಜಾತರು ತೋಂಟದ ಸಿದ್ಧಲಿಂಗೇಶ್ವರರೆಂದರೆ ಅವರನ್ನು ತಂದೆ ಮಕ್ಕಳೆಂದು ಯಾರೂ ಭ್ರಮಿಸುವುದಿಲ್ಲ. ಆದರೆ ಕಂದಾಯದ ಗುಮಾಸ್ತನಿಗೆ ಈ ಭೇದ ಬೇಕಾಗಿಲ್ಲ. ಮಾನ್ಯವು ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು. ಆತ ‘ಬಿನ್’ ಎಂದು ಬರೆದು ಮುಂದಿನ ನಂಬರಿಗೆ ಹೋದ. ಹೀಗೆ ವಿರಕ್ತರಿಗೂ ದಾಖಲೆಯಲ್ಲಿ ಮಕ್ಕಳು ಹುಟ್ಟಿಬಿಡುತ್ತಾರೆ. ಇದಕ್ಕೆ ವಿರುದ್ಧವಾಗಿ, ಪುತ್ರವರ್ಗದ ಮಠಗಳಲ್ಲಿ ತಂದೆಯಿಂದ ಮಗನಿಗೆ ಅಧಿಕಾರ ನಡೆದುಬಂದಿದ್ದರೂ ಬರೆಹದಲ್ಲಿ ಗುರುಶಿಷ್ಯ ಭಾಷೆಯೇ ಇರುತ್ತದೆ. ಆದುದರಿಂದ ಮಠದ ನೆಲದ ದಾಖಲೆಯಿಂದ ವಂಶವನ್ನು ಕಟ್ಟುವವನು ಆ ಮಠದ ಸಂಪ್ರದಾಯವನ್ನು ಮೊದಲು ತಿಳಿಯದೆ ಒಂದು ಗೆರೆಯನ್ನೂ ಎಳೆಯಬಾರದು.

ಈ ಪ್ರಸಂಗದಲ್ಲಿ ನೆನಪಾಗುವುದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ. ಅದು ಸೇವುಣ ದೊರೆ ಕನ್ನರನ ಕಾಲದ್ದು. ಶಕವರ್ಷ ೧೧೮೨, ಎಂದರೆ ಕ್ರಿ. ಶ. ೧೨೬೦. ಬಸವಣ್ಣನವರು ಲಿಂಗೈಕ್ಯರಾಗಿ ಸುಮಾರು ತೊಂಬತ್ತು ವರ್ಷಗಳಾಗಿದ್ದವು. ದತ್ತಿಯ ಸಂದರ್ಭದಲ್ಲಿ ಅದು ಬಾಗೇವಾಡಿಯ ಮಾದಿರಾಜನನ್ನು ಹೇಳುತ್ತದೆ, ಆತನ ಮಗ ಬಸವರಾಜನನ್ನು ಹೇಳುತ್ತದೆ, ಬಸವನ ಅಣ್ಣ ದೇವರಾಜ ಮುನಿಪನನ್ನು ಹೇಳುತ್ತದೆ. ಆ ಪರಂಪರೆಯಲ್ಲಿ ಬಂದ ಹಾಲಬಸವಿದೇವನು ದತ್ತಿಯನ್ನು ಪಡೆಯುತ್ತಾನೆ. ಹರಿಹರನ ರಗಳೆಯಲ್ಲಿ ಬರುವ ತಂದೆ ಮಾದರಸನಿಗೆ ಶಿಲೆಯ ಸಾಕ್ಷ್ಯ ದೊರೆತದ್ದು ಹೀಗೆ. ಬಸವಣ್ಣನವರು ಐತಿಹಾಸಿಕ ವ್ಯಕ್ತಿಯೆಂಬುದಕ್ಕೆ ವಿದ್ವಾಂಸರು ಮುಂದಿಡುವ ಪ್ರಬಲ ಆಧಾರಗಳಲ್ಲಿ ಇದೂ ಒಂದು. ಗಮನಿಸಬೇಕಾದ ಅಂಶವೇನೆಂದರೆ, ಕಾವ್ಯ ಪುರಾಣಗಳಲ್ಲಿ ಎದ್ದುಕಾಣದ ಅಣ್ಣನು ಇಲ್ಲಿ ಪ್ರಧಾನನಾಗಿ ಬರುವುದಕ್ಕೆ ಕಾರಣ ನೆಲ. ದತ್ತಿಯನ್ನು ಪಡೆದವನು ಅಣ್ಣನ ಕಡೆಯವನು. ಆದುದರಿಂದ ಅಣ್ಣನನ್ನು ಹೇಳಲೇಬೇಕಾಯಿತು. ತಮ್ಮನ ಹೆಸರಿನ ಕೀರ್ತಿಯೂ ಜೊತೆಗೆ ಬಂದಿತು. ‘ಮುನಿಪ’ ಎಂಬ ವಿಶೇಷಣವನ್ನು ಕಂಡಾಗ ಈ ಪರಂಪರೆಯಲ್ಲಿ ರಕ್ತವೆಷ್ಟು, ದೀಕ್ಷೆಯೆಷ್ಟು ಎಂದು ಒಂದು ಕ್ಷಣ ನಿಂತು ಕೇಳಿಕೊಳ್ಳುವುದು ವಿಮರ್ಶಕನ ಕರ್ತವ್ಯ.

ಇನ್ನು ಬಸವಣ್ಣನವರು ತಮ್ಮ ವಂಶವನ್ನು ತಾವೇ ಹೇಳಿಕೊಂಡ ಬಗೆ ನಮಗೆ ತಿಳಿದದ್ದೇ. ತಮ್ಮ ವಚನಗಳಲ್ಲಿ ಅವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದ ಶರಣರನ್ನು ಹೆತ್ತವರ, ಒಡಹುಟ್ಟಿದವರ ಸ್ಥಾನದಲ್ಲಿ ನಿಲ್ಲಿಸಿ, ಮಾದರಸನ ಮಗನೆಂಬ ಪರಿಚಯವನ್ನು ಬದಿಗಿಟ್ಟರು. ಒಬ್ಬನೇ ವ್ಯಕ್ತಿಗೆ ಎರಡು ವಂಶಾವಳಿಗಳು. ಒಂದು ವಚನದಲ್ಲಿ, ಇನ್ನೊಂದು ಕಲ್ಲಿನಲ್ಲಿ. ಇವುಗಳಲ್ಲಿ ಒಂದು ಸುಳ್ಳು, ಒಂದು ನಿಜವೆಂದು ನಾನು ಹೇಳುತ್ತಿಲ್ಲ. ಮಾದರಸನ ಮಗನಾಗಿರದಿದ್ದರೆ ಆ ಹುಟ್ಟನ್ನು ಕಳಚಿಕೊಳ್ಳುವ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಕಲ್ಲಿನ ಸಾಕ್ಷ್ಯವಿರುವುದರಿಂದಲೇ ವಚನದ ಮಾತಿಗೆ ಬೆಲೆ. ಆದರೆ ಇಂದು ಪುಸ್ತಿಕೆಗಳನ್ನು ಅಚ್ಚುಹಾಕಿಸುವವರು ಮಾಡುತ್ತಿರುವುದು ಇದರ ತಲೆಕೆಳಗು. ಯಾವುದೋ ಮಾನ್ಯದ ಕಾಗದವನ್ನು ಹಿಡಿದು, ಹೆಸರಿನ ಸಾಮ್ಯದಿಂದ ಒಬ್ಬ ಶರಣನನ್ನು ತಮ್ಮ ಮೂಲಪುರುಷನ ಸ್ಥಾನಕ್ಕೆ ಎಳೆದುತಂದು, ಕುಲದ ಹೆಮ್ಮೆಯನ್ನು ತೊರೆದವನನ್ನೇ ಕುಲದ ಹೆಮ್ಮೆಗೆ ಸಾಧನವಾಗಿ ಮಾಡುತ್ತಾರೆ. ಮಾದಾರ ಚೆನ್ನಯ್ಯನನ್ನು ಹಾಗೆ ಮೂಲಪುರುಷನನ್ನಾಗಿ ಹೇಳಿಕೊಂಡ ಪುಸ್ತಿಕೆ ಇದುವರೆಗೆ ನನ್ನ ಕೈಗೆ ಬಂದಿಲ್ಲ.

ನೆಲವಿಲ್ಲದವರ ಮಾತು ಏನು? ಭೂದಾಖಲೆಯು ನೆಲವುಳ್ಳವರ ಸಾಹಿತ್ಯ. ಉತ್ತು ಬಿತ್ತಿದವನ ಹೆಸರು ಅನೇಕ ಗ್ರಾಮಗಳಲ್ಲಿ ಮೊದಲ ಬಾರಿಗೆ ಹಕ್ಕಿನ ರೂಪದಲ್ಲಿ ಕಾಣಿಸಿಕೊಂಡದ್ದು ೧೯೭೪ರ ಭೂಸುಧಾರಣೆಯ ತಿದ್ದುಪಡಿಯ ನಂತರ, ಗೇಣಿದಾರರು ಸಲ್ಲಿಸಿದ ೭ನೆಯ ನಮೂನೆಯ ಅರ್ಜಿಗಳಲ್ಲಿ. ಅಲ್ಲಿಂದ ಹಿಂದಕ್ಕೆ ಅಂಥ ಕುಟುಂಬಗಳ ಜಾಡು ಮಸುಕು. ಆದರೆ ಒಂದು ಕಿಂಡಿಯಿದೆ. ತೋಟಿ, ತಳವಾರ, ನೀರಗಂಟಿ ಮೊದಲಾದ ಗ್ರಾಮಸೇವಕರಿಗೆ ಸೇವೆಗಾಗಿ ಬಿಟ್ಟ ಇನಾಂ ಹೊಲಗಳಿದ್ದವು. ಗ್ರಾಮಾಧಿಕಾರಗಳ ರದ್ದತಿಯ ಕಾಯಿದೆ ೧೯೬೩ರಲ್ಲಿ ಜಾರಿಗೆ ಬರುವವರೆಗೆ ಅವು ವಂಶಪಾರಂಪರ್ಯವಾಗಿ ನಡೆದವು. ನೀರಗಂಟಿಯ ಮನೆಯವರೊಬ್ಬರು ನನ್ನಲ್ಲಿಗೆ ಬಂದಾಗ, ನಿಮಗೆ ದಾಖಲೆ ದೊರೆಯಲಾರದೆಂದು ನಾನು ತಿಳಿಯದೆ ಹೇಳಿಬಿಟ್ಟಿದ್ದೆ. ಅವರು ಆರು ತಿಂಗಳ ಬಳಿಕ ನಾಲ್ಕು ತಲೆಮಾರುಗಳ ಹೆಸರನ್ನು ತಂದು ತೋರಿಸಿದರು. ನಮ್ಮ ಮನೆಯದು ಅದಕ್ಕಿಂತ ಒಂದೇ ಹೆಚ್ಚು.

ಹೆಂಗಸರ ವಿಷಯವಂತೂ ಇನ್ನ೅ಷ್ಟು ಕಠಿಣ. ‘ಕೋಂ’ ಎಂಬುದು ಗಂಡನನ್ನು ಹೇಳುತ್ತದೆ, ತಂದೆಯನ್ನು ಹೇಳುವುದಿಲ್ಲ. ಮದುವೆಯೊಡನೆ ಆಕೆಯ ಹಿಂದಿನ ಜಾಡು ಅಳಿದುಹೋಗುತ್ತದೆ. ಪುಸ್ತಿಕೆಗಳಲ್ಲಿಯಾದರೋ ‘ಕೋಂ’ ಕೂಡ ಉಳಿಯುವುದಿಲ್ಲ. ಗಂಡಸರ ಹೆಸರುಗಳು ಮಾತ್ರ ಒಂದರಿಂದೊಂದು ಕವಲೊಡೆಯುತ್ತವೆ. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ (೧೯೬೫) ಕಾದಂಬರಿಯನ್ನು ಓದಿದ ವಿದ್ಯಾರ್ಥಿಗಳಿಗೆ ನಂಜನಗೂಡಿನ ಶ್ರೋತ್ರಿಗಳು ನೆನಪಾಗಬಹುದು. ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ವಂಶಕ್ಕೆ ತಮ್ಮ ಹುಟ್ಟು ಸಲ್ಲುವ ಬಗೆ ತಾವು ನಂಬಿದಂತಿಲ್ಲವೆಂದು ಅವರು ಕೊನೆಯಲ್ಲಿ ಅರಿಯುತ್ತಾರೆ. ದಾಖಲೆಯಲ್ಲಿ ‘ಬಿನ್’ ಎಂದು ಬರೆದ ಮಾತ್ರಕ್ಕೆ ಎಲ್ಲವೂ ತಿಳಿಯಿತೆಂದು ಹೇಳಲು ಬಾರದು.

ನಮ್ಮ ಧಾತು ಸಂವತ್ಸರದ ಪತ್ರಕ್ಕೆ ಮತ್ತೆ ಬರುತ್ತೇನೆ. ಅದನ್ನು ಬರೆದುಕೊಟ್ಟವರು ದೊಡ್ಡಪ್ಪನವರು ವೃಕ್ಷದ ಬುಡದಲ್ಲಿ ಬರೆದ ಹಿರಿಯರಲ್ಲ, ಅವರ ಹೆಂಡತಿ. ಅಪ್ರಾಪ್ತ ವಯಸ್ಸಿನ ಮಗನ ಪರವಾಗಿ ಆಕೆ ಹೊಲವನ್ನು ಭೋಗ್ಯಕ್ಕೆ ಹಾಕಿದ್ದಾಳೆ. ಪತ್ರದ ಕೊನೆಯಲ್ಲಿ ಬಳೆಯಷ್ಟು ದುಂಡಗಿನ ಒಂದು ಗೆರೆ, ಅದರ ಬದಿಯಲ್ಲಿ ‘ನಿಶಾನಿ’ ಎಂದು ಶಾನುಭೋಗರ ಅಕ್ಷರ. ಬರವನ್ನು ದಾಟಿ ಆ ಮಗು ಉಳಿದುದರಿಂದ ನಾವಿದ್ದೇವೆ. ಹೊಸದಾಗಿ ಬರೆದ ವೃಕ್ಷದಲ್ಲಿ ಮೊದಲ ಸಾಲಿನಲ್ಲಿ ಆಕೆಯ ಹೆಸರನ್ನೇ ಇಟ್ಟಿದ್ದೇನೆ. ಅದರ ಹಿಂದೆ ಬರಬೇಕಾದ ತವರಿನ ಹೆಸರಿಗೆ ಜಾಗ ಬಿಟ್ಟಿದ್ದೇನೆ. ಸರ್ವಮಾನ್ಯದ ಮಾತಿಗೆ ಇದುವರೆಗೆ ಯಾವ ಆಧಾರವೂ ದೊರೆತಿಲ್ಲ. ಪತ್ರದ ಚಕ್ಕುಬಂದಿಯಲ್ಲಿ ಹೊಲದ ಉತ್ತರಕ್ಕೆ ಒಂದು ಮಠದ ಮಾನ್ಯದ ಹೊಲವೆಂದಿದೆ. ಆ ಮಠದಲ್ಲಿ ಹಳೆಯ ಕಡತಗಳ ಎರಡು ಗಂಟುಗಳಿವೆಯೆಂದು ತಿಳಿದುಬಂದಿದೆ. ಅವುಗಳನ್ನು ಬಿಚ್ಚಿ ನೋಡಲು ಅಪ್ಪಣೆ ಬೇಡಿ ಪತ್ರ ಬರೆದಿದ್ದೇನೆ. ಮಳೆಗಾಲ ಕಳೆದ ಮೇಲೆ ಬರಬೇಕೆಂದು ತಿಳಿಸಿದ್ದಾರೆ.